ಷರತ್ತಿಟ್ಟು ನುಡಿಯುವ ಸತ್ಯ

ಗೋಕಾಕದ ಪಿನ್ ಕೋಡ್ 591307. ಹುಕ್ಕೇರಿಯದು 591309, ಮೂಡಲಗಿಯದು 591312. ಮೊದಲಿನ 59 ಬಿಟ್ಟು, ಉಳಿದ ನಾಲ್ಕು ಅಂಕಿಗಳನ್ನು ಒಂದು ಆಟಕ್ಕೆ ತೆಗೆದುಕೊಳ್ಳೋಣ. ಹುಕ್ಕೇರಿಯ 1309ರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 9310, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 0139. ಒಂದರಲ್ಲಿ ಇನ್ನೊಂದನ್ನು ಕಳೆದರೆ 9171. ಬಂದ ಉತ್ತರವನ್ನೂ ಹಾಗೆಯೇ ನಡೆಸಿ: 9711ರಲ್ಲಿ 1179 ಕಳೆದರೆ 8532, 8532ರಲ್ಲಿ 2358 ಕಳೆದರೆ 6174. ಅಲ್ಲಿಗೆ ಆಟ ನಿಲ್ಲುತ್ತದೆ, ಏಕೆಂದರೆ 7641ರಲ್ಲಿ 1467 ಕಳೆದರೂ ಮತ್ತೆ 6174. ಮೂಡಲಗಿಯ 1312 ಹಿಡಿದು ಹೊರಟರೆ 2088, 8532 ದಾಟಿ ಅಲ್ಲಿಗೇ ಬರುತ್ತೇವೆ. ಗೋಕಾಕದ 1307 ಸ್ವಲ್ಪ ಸುತ್ತು ಬಳಸುತ್ತದೆ: 7173, 6354, 3087, 8352, ಕಡೆಗೆ ಅದೇ 6174.

ಈ ಸೋಜಿಗವನ್ನು 1949ರಲ್ಲಿ ಕಂಡವರು ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ (1905–1986). ಮೂರು ಊರಿನ ಸಂಖ್ಯೆಗಳು ಒಂದೇ ಕಡೆ ಬಂದು ನಿಂತವು ಎಂದಮಾತ್ರಕ್ಕೆ ಎಲ್ಲ ನಾಲ್ಕಂಕಿ ಸಂಖ್ಯೆಗಳೂ ಅಲ್ಲಿಗೇ ಬರುತ್ತವೆ ಎನ್ನಬಹುದೇ? ಎನ್ನಬಾರದು. ಮೂರಲ್ಲ, ಮೂರು ಸಾವಿರ ಸಂಖ್ಯೆಗಳನ್ನು ನೋಡಿದ್ದರೂ ಅನ್ನುವಂತಿಲ್ಲ. ನೋಡದೆ ಉಳಿದವುಗಳಲ್ಲಿ ಒಂದೇ ಒಂದು ಹಟ ಹಿಡಿದು ಬೇರೆ ದಾರಿಗೆ ಹೋದರೂ ಮಾತು ಬಿತ್ತು. ‘ಎಲ್ಲ’ ಎಂದು ಹೇಳಿ ದಕ್ಕಿಸಿಕೊಂಡ ಮಾತಿಗೆ ಗಣಿತದಲ್ಲಿ ಪ್ರಮೇಯ ಎನ್ನುತ್ತಾರೆ. ದಕ್ಕಿಸಿಕೊಳ್ಳುವ ಕಸುಬಿಗೆ ಸಾಧನೆ ಎನ್ನುತ್ತಾರೆ.

ಕಾಪ್ರೇಕರರ ಮಾತು ಪ್ರಮೇಯವಾಗುವ ಬಗೆ ನೋಡುವಂಥದ್ದು. ನಾಲ್ಕಂಕಿ ಸಂಖ್ಯೆಗಳು, ಮೊದಲಲ್ಲಿ ಸೊನ್ನೆ ಇರುವವನ್ನೂ ಸೇರಿಸಿಕೊಂಡರೆ, 10000. ಅವುಗಳಲ್ಲಿ 1111, 2222ರಂತೆ ನಾಲ್ಕೂ ಅಂಕಿ ಒಂದೇ ಆದ ಹತ್ತನ್ನು ಕೈಬಿಡಬೇಕು. ಕಳೆದರೆ ಸೊನ್ನೆಯಾಗಿ ಅವು ಅಲ್ಲಿಯೇ ಮುಗಿದುಹೋಗುತ್ತವೆ. ಉಳಿದದ್ದು 9990. ಅಷ್ಟನ್ನೂ ಒಂದೊಂದಾಗಿ ನಡೆಸಿ ನೋಡಿದರೆ ಮುಗಿಯಿತು, ಆದರೆ ಕಸುಬು ಬಲ್ಲವನು ಹಾಗೆ ಮಾಡುವುದಿಲ್ಲ. ಇಳಿಕೆ ಕ್ರಮದಲ್ಲಿ ಜೋಡಿಸಿದ ನಾಲ್ಕು ಅಂಕಿಗಳಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ಅಂತರ ಒಂದು, ನಡುವಿನ ಎರಡಕ್ಕೆ ಇರುವ ಅಂತರ ಇನ್ನೊಂದು. ಕಳೆದಾಗ ಬರುವ ಉತ್ತರ ಯಾವಾಗಲೂ ಮೊದಲ ಅಂತರದ 999 ಪಟ್ಟು ಮತ್ತು ಎರಡನೆಯ ಅಂತರದ 90 ಪಟ್ಟು ಸೇರಿದಷ್ಟು. ಹುಕ್ಕೇರಿಯ 9, 3, 1, 0ರಲ್ಲಿ ಅಂತರಗಳು 9 ಮತ್ತು 2: 8991ಕ್ಕೆ 180 ಕೂಡಿಸಿದರೆ 9171, ಸರಿಯಾಗಿ ಬಂತು. ಅಂದರೆ ಉತ್ತರವನ್ನು ನಿರ್ಧರಿಸುವುದು ನಾಲ್ಕು ಅಂಕಿಗಳಲ್ಲ, ಎರಡು ಅಂತರಗಳು. ಮೊದಲ ಅಂತರ 1ರಿಂದ 9ರವರೆಗೆ ಇರಬಹುದು. ಎರಡನೆಯದು ಸೊನ್ನೆಯಿಂದ ಹಿಡಿದು ಮೊದಲನೆಯದರವರೆಗೆ. ಇಂಥ ಜೋಡಿಗಳು ಒಟ್ಟು 54. ಹತ್ತು ಸಾವಿರದ ಕೆಲಸ ಐವತ್ತನಾಲ್ಕಕ್ಕೆ ಇಳಿಯಿತು. ಹೈಸ್ಕೂಲಿನ ಹುಡುಗಿಯೊಬ್ಬಳು ಒಂದು ಸಂಜೆಯಲ್ಲಿ ಮುಗಿಸಿ, ಯಾವ ಸಂಖ್ಯೆಗೂ ಏಳಕ್ಕಿಂತ ಹೆಚ್ಚು ಹೆಜ್ಜೆ ಬೇಡ ಎಂಬುದನ್ನೂ ಕಂಡುಕೊಳ್ಳಬಹುದು.

ಇಲ್ಲಿ ಮೆಚ್ಚಬೇಕಾದದ್ದು ಎರಡು. ಹತ್ತು ಸಾವಿರ ಸಂಖ್ಯೆಗಳ ಹಿಂದೆ ಅಡಗಿದ್ದ 54 ಜೋಡಿಗಳನ್ನು ಕಂಡ ಕಣ್ಣು ಒಂದು. ‘ನಾಲ್ಕೂ ಅಂಕಿ ಒಂದೇ ಆಗಿರಬಾರದು’ ಎಂದು ಮೊದಲೇ ಇಟ್ಟ ಷರತ್ತು ಇನ್ನೊಂದು. ಆ ಷರತ್ತು ಬಿಟ್ಟರೆ 1111 ಎಂಬ ಒಂದೇ ಸಂಖ್ಯೆ ಇಡೀ ಮಾತನ್ನು ಕೆಡವುತ್ತದೆ. ಇಟ್ಟರೆ ಅದನ್ನು ಕೆಡವಲು ಯಾರಿಂದಲೂ ಆಗದು. ಪ್ರಮೇಯದ ಬಲವೆಲ್ಲ ಇರುವುದು ಅದು ಎಷ್ಟು ದೊಡ್ಡದನ್ನು ಹೇಳುತ್ತದೆ ಎನ್ನುವುದರಲ್ಲಿ ಅಲ್ಲ, ತನ್ನ ಷರತ್ತನ್ನು ಎಷ್ಟು ಪ್ರಾಮಾಣಿಕವಾಗಿ ಹೇಳಿಕೊಳ್ಳುತ್ತದೆ ಎನ್ನುವುದರಲ್ಲಿ.

ಎಣಿಸಿ ಮುಗಿಸುವಂಥ ಸಂಖ್ಯೆಗಳಿದ್ದಾಗ ಈ ದಾರಿ ಇದೆ. ಮುಗಿಯದ ಸಾಲು ಎದುರಾದರೆ? 1742ರಲ್ಲಿ ಗೋಲ್ಡ್‌ಬಾಖ್ ಎಂಬಾತ ಗಣಿತಜ್ಞ ಆಯ್ಲರ್‌ಗೆ ಬರೆದ ಪತ್ರದಿಂದ ಹುಟ್ಟಿದ ಊಹೆಯೊಂದಿದೆ: 2ಕ್ಕಿಂತ ದೊಡ್ಡದಾದ ಯಾವ ಸಮಸಂಖ್ಯೆಯನ್ನು ತೆಗೆದುಕೊಂಡರೂ ಅದು ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ. 10 ಎಂದರೆ 3 ಮತ್ತು 7; 30 ಎಂದರೆ 13 ಮತ್ತು 17. ಕಂಪ್ಯೂಟರುಗಳು 4ರ ಮುಂದೆ 18 ಸೊನ್ನೆ ಇಟ್ಟಷ್ಟು ದೂರ ಹೋಗಿ ನೋಡಿವೆ, ಒಂದು ಅಪವಾದವೂ ಸಿಕ್ಕಿಲ್ಲ. ಆದರೂ ಅದರ ಹೆಸರು ಇಂದಿಗೂ ಊಹೆ. ಪ್ರಮೇಯದ ಸಾಲಿನಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ. ಇದು ಗಣಿತಜ್ಞರ ಅತಿ ಮಡಿವಂತಿಕೆ ಎನಿಸಿದರೆ ಇನ್ನೊಂದು ಉದಾಹರಣೆ ನೋಡಿ. ಒಂದು ಸಂಖ್ಯೆ, ಅದರ ವರ್ಗ, ಜೊತೆಗೆ 41, ಮೂರನ್ನೂ ಕೂಡಿಸಿ. ಸೊನ್ನೆಗೆ 41, ಒಂದಕ್ಕೆ 43, ಎರಡಕ್ಕೆ 47, ಮೂರಕ್ಕೆ 53: ಎಲ್ಲ ಅವಿಭಾಜ್ಯ. ಹೀಗೆ 39ರವರೆಗೆ ಸತತ ನಲವತ್ತು ಸಲ ಅವಿಭಾಜ್ಯವೇ ಬರುತ್ತದೆ. ನಂಬಿಕೆ ಗಟ್ಟಿಯಾಗಿ ಕೂತ ಹೊತ್ತಿಗೆ 40 ಬರುತ್ತದೆ: 1600, 40, 41 ಕೂಡಿ 1681. ಅದು 41ರ ವರ್ಗ. ನಲವತ್ತು ಸಾಕ್ಷಿಗಳು ಒಂದೇ ಮಾತಾಡಿದರೂ ತೀರ್ಪು ಅವರ ಕೈಯಲ್ಲಿ ಇರಲಿಲ್ಲ.

ನೋಡಿ ಮುಗಿಸಲಾಗದ ಕಡೆ ಹೇಗೆ ಗೆಲ್ಲಬೇಕು ಎಂಬ ಪಾಠ ನಮ್ಮ ಹತ್ತನೆಯ ತರಗತಿಯಲ್ಲೇ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ವಲಯಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿದವು. ಅಲ್ಲಿಯ ಯಾವ ಶಾಲೆಗೆ ಹೋದರೂ, ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಂತೆ ಹಲಗೆಯ ಮೇಲೆ ನಾಲ್ಕು ಮಾತು ಒಂದರ ಕೆಳಗೊಂದು ಬೀಳುತ್ತವೆ: ದತ್ತ, ಸಾಧನೀಯ, ರಚನೆ, ಸಾಧನೆ. ಥೇಲ್ಸನ ಪ್ರಮೇಯವಿರಲಿ, ಪೈಥಾಗೊರಸನದಿರಲಿ, ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬುದಿರಲಿ, ವಿದ್ಯಾರ್ಥಿ ಈ ನಾಲ್ಕು ಮೆಟ್ಟಿಲು ಏರಲೇಬೇಕು. ಅಂಕಕ್ಕಾಗಿ ಬಾಯಿಪಾಠ ಮಾಡುವವರೇ ಹೆಚ್ಚು. ಆದರೆ ಈ ನಾಲ್ಕು ಮಾತಿನ ಹಿಂದೆ ಎರಡು ಸಾವಿರ ವರ್ಷ ಮೀರಿದ ಶಿಸ್ತು ಕೂತಿದೆ.

ದತ್ತ ಎಂದರೆ ಷರತ್ತು: ನನಗೆ ಏನು ಕೊಟ್ಟಿದ್ದಾರೆ, ಯಾವುದನ್ನು ಮಾತ್ರ ಬಳಸುವ ಅಧಿಕಾರ ನನಗಿದೆ. ಸಾಧನೀಯ ಎಂದರೆ ಮುಟ್ಟಬೇಕಾದ ಊರು. ರಚನೆಯೇ ಇಡೀ ಕಸುಬಿನ ಜಾಣ್ಮೆ. ಚಿತ್ರದಲ್ಲಿ ಇಲ್ಲದ ಒಂದು ಗೆರೆಯನ್ನು ಎಳೆದು, ಕಾಣದಿದ್ದ ಸಂಬಂಧವನ್ನು ಕಾಣುವಂತೆ ಮಾಡುವುದು. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಯಾವ ನಿಯಮವೂ ಹೇಳಿಕೊಡುವುದಿಲ್ಲ. ಸಾಧನೆ ಎಂದರೆ ದತ್ತದಿಂದ ಸಾಧನೀಯದವರೆಗೆ ಹೆಜ್ಜೆ ಹೆಜ್ಜೆಗೂ ಕಾರಣ ಬರೆಯುತ್ತ ನಡೆಯುವುದು. ಬಲಗಡೆ ಬರೆಯುವ ಆ ಪುಟ್ಟ ಕಾರಣಗಳು, ‘ದತ್ತ’, ‘ಉಭಯ ಸಾಮಾನ್ಯ ಬಾಹು’, ‘ಹಿಂದಿನ ಪ್ರಮೇಯದಿಂದ’, ಒಂದೊಂದೂ ಒಂದು ಹೊಣೆಗಾರಿಕೆ. ಒಂದು ಸಾಲಿಗೆ ಕಾರಣ ಇಲ್ಲದಿದ್ದರೆ ಕೆಳಗಿನ ಸಾಲುಗಳೆಲ್ಲ ಗಾಳಿಯಲ್ಲಿ ನಿಂತಂತೆ.

ಹೀಗೆ ಷರತ್ತು ಬರೆದಿಡುವುದರ ಬೆಲೆ ಏನೆಂದು ತಿಳಿಯಬೇಕಾದರೆ ಹೊಲಕ್ಕೆ ಇಳಿಯಬೇಕು, ಅದಕ್ಕೂ ಮೊದಲು ಹೊಲ ಅಳೆಯುವ ಲೆಕ್ಕದ ಪರಂಪರೆಯನ್ನು ನೋಡಬೇಕು. ಮೂಡಲಗಿಯಿಂದ ಹೆಚ್ಚು ದೂರವಲ್ಲದ ರಾಯಬಾಗವೇ ಹಿಂದಿನ ಪೂವಿನಬಾಗೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅದು ರಾಜಾದಿತ್ಯನ ಊರು. 12ನೆಯ ಶತಮಾನದ ಈ ಜೈನ ಕವಿ ಕನ್ನಡದಲ್ಲಿ ಗಣಿತ ಬರೆದವರಲ್ಲಿ ಮೊದಲಿಗ. ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಅವನ ಕೃತಿಗಳು. ಅವನಿಗಿಂತ ಸುಮಾರು ಮುನ್ನೂರು ವರ್ಷ ಮೊದಲು, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದಿದ್ದ. ಲೆಕ್ಕ ಮಾಡುವವನಿಗೆ ಸೂತ್ರ ಕೊಡು, ಉದಾಹರಣೆ ಕೊಟ್ಟು ಕೈ ಪಳಗಿಸು. ಇದು ಆ ಪರಂಪರೆಯ ಗ್ರಂಥಗಳ ಕಟ್ಟು. ಯಾಕೆ ಹಾಗೆ ಎಂಬುದನ್ನು ಬಹುಮಟ್ಟಿಗೆ ಗುರುಮುಖದಿಂದ, ಇಲ್ಲವೇ ವ್ಯಾಖ್ಯಾನಗಳಿಂದ ತಿಳಿಯಬೇಕಿತ್ತು.

ಆ ಪರಂಪರೆಯಲ್ಲಿ ನಾಲ್ಕು ಬದಿಯ ಹೊಲ ಅಳೆಯಲು ಎರಡು ಬಗೆಯ ಲೆಕ್ಕವಿತ್ತು. ಒರಟು ಲೆಕ್ಕದಲ್ಲಿ ಎದುರು ಬದಿಗಳ ಸರಾಸರಿ ತೆಗೆದು ಒಂದಕ್ಕೊಂದು ಗುಣಿಸಬೇಕು. ಸೂಕ್ಷ್ಮ ಲೆಕ್ಕ ಹೀಗಿದೆ: ನಾಲ್ಕು ಬದಿಗಳ ಮೊತ್ತದ ಅರ್ಧದಲ್ಲಿ ಒಂದೊಂದೇ ಬದಿಯನ್ನು ಕಳೆ, ಬಂದ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆ. ಈ ಸೂಕ್ಷ್ಮ ಸೂತ್ರ 628ರಲ್ಲಿ ಬ್ರಹ್ಮಗುಪ್ತ ಕೊಟ್ಟದ್ದು, ಮಹಾವೀರನಲ್ಲೂ ಇದೆ. ನೋಡಲು ಎಷ್ಟು ಅಂದ! ನಾಲ್ಕು ಬದಿಯ ಅಳತೆ ಸಾಕು, ಹೊಲದ ನಡುವೆ ಕಾಲಿಡುವುದೇ ಬೇಡ.

ಘಟಪ್ರಭೆಯ ಬಯಲಿನಲ್ಲಿ ಒಂದು ಪಟ್ಟಿ ಕಬ್ಬಿನ ಹೊಲ ಇದೆ ಎನ್ನಿ, ನಾಲ್ಕೂ ಬದಿ 65 ಅಡಿ. ಸೂತ್ರದ ಪ್ರಕಾರ ಮೊತ್ತದ ಅರ್ಧ 130. ಅದರಲ್ಲಿ ಯಾವ ಬದಿ ಕಳೆದರೂ 65. ಕಡೆಗೆ ವಿಸ್ತೀರ್ಣ 65ರ ವರ್ಗ, 4225 ಚದರ ಅಡಿ. ಒಂದು ಗುಂಟೆಗೆ 1089 ಚದರ ಅಡಿಯಂತೆ ಸುಮಾರು ನಾಲ್ಕು ಗುಂಟೆ. ಹೊಲ ಸರಿಯಾದ ಚೌಕವಾಗಿದ್ದರೆ ಉತ್ತರ ಸರಿ. ಆದರೆ ಮೂಲೆಗಳು ಸಡಿಲಾದ ಹೊರಸು ಒಂದು ಬದಿಗೆ ವಾಲುವುದನ್ನು ನೋಡಿದ್ದೀರಲ್ಲ, ನಾಲ್ಕು ಪಟ್ಟಿಗಳ ಉದ್ದ ಬದಲಾಗದೆಯೇ ನಡುವಿನ ಜಾಗ ಕಿರಿದಾಗುತ್ತ ಹೋಗುತ್ತದೆ. ಹೊಲವೂ ಹಾಗೆ ವಾಲಿದ ವಜ್ರಾಕೃತಿಯಾಗಿರಬಹುದು. ಕರ್ಣಗಳು 104 ಮತ್ತು 78 ಅಡಿ ಇದ್ದರೆ ವಿಸ್ತೀರ್ಣ 4056. ಅವು 112 ಮತ್ತು 66 ಇದ್ದರೆ 3696. 120 ಮತ್ತು 50 ಇದ್ದರೆ 3000. 126 ಮತ್ತು 32 ಇದ್ದರೆ 2016, ಅಂದರೆ ಎರಡು ಗುಂಟೆಯೂ ಇಲ್ಲ. ಎಲ್ಲದರಲ್ಲೂ ಬದಿ 65 ಅಡಿಯೇ. ಕಾಗದದ ಮೇಲೆ ನಾಲ್ಕು ಗುಂಟೆ ಬರೆಸಿಕೊಂಡು ಎರಡು ಗುಂಟೆ ಕೊಂಡವನ ಸಂಕಟ ಯಾರಿಗೂ ಬೇಡ.

1150ರಲ್ಲಿ ಲೀಲಾವತಿ ಬರೆದ ಭಾಸ್ಕರಾಚಾರ್ಯನಿಗೆ ಇದು ಸ್ಪಷ್ಟವಾಗಿ ಕಂಡಿತ್ತು. ಕರ್ಣವನ್ನಾಗಲಿ ಲಂಬವನ್ನಾಗಲಿ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನನ್ನು ಅವನು ಪಿಶಾಚಿ ಎಂದು ಕರೆದ. ಕೇಳಿದ್ದಕ್ಕೆ ಉತ್ತರ ಹೇಳಹೊರಟವನನ್ನೂ ಬಿಡಲಿಲ್ಲ. ಬೈಗುಳ ಕಟುವಾದರೂ ಒಳಗಿನ ಮಾತು ಗಣಿತದ್ದು: ದತ್ತ ಸಾಲದು. ನಾಲ್ಕು ಬಾಹುಗಳು ಚತುರ್ಭುಜವನ್ನು ಕಟ್ಟಿಹಾಕುವುದಿಲ್ಲ.

ಹಾಗಾದರೆ ಬ್ರಹ್ಮಗುಪ್ತನ ಸೂತ್ರ ಸುಳ್ಳೇ? ಸುಳ್ಳಲ್ಲ, ಅದಕ್ಕೆ ಒಂದು ಷರತ್ತು ಬೇಕು. ನಾಲ್ಕೂ ಮೂಲೆಗಳು ಒಂದೇ ವೃತ್ತದ ಮೇಲೆ ಕೂಡುವಂತಿದ್ದರೆ, ಅಂದರೆ ಅದು ಚಕ್ರೀಯ ಚತುರ್ಭುಜವಾಗಿದ್ದರೆ, ಸೂತ್ರ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ನಮ್ಮ 65 ಅಡಿಯ ಹೊಲಗಳಲ್ಲಿ ಚೌಕವೊಂದೇ ವೃತ್ತದ ಮೇಲೆ ಕೂಡುವುದು; ಅದಕ್ಕೇ ಅಲ್ಲಿ ಮಾತ್ರ ಉತ್ತರ ಸರಿ ಬಂದದ್ದು. ಷರತ್ತಿಲ್ಲದೆ ಹೇಳಿದಾಗ ಮೋಸ ಮಾಡುವ ಅದೇ ಮಾತು ಷರತ್ತಿನೊಡನೆ ಜಗತ್ತಿನ ಸುಂದರ ಪ್ರಮೇಯಗಳಲ್ಲಿ ಒಂದು. 16ನೆಯ ಶತಮಾನದಲ್ಲಿ ಕೇರಳದ ಜ್ಯೇಷ್ಠದೇವ ತನ್ನ ಯುಕ್ತಿಭಾಷಾ ಗ್ರಂಥದಲ್ಲಿ ಇದರ ಸಾಧನೆಯನ್ನು ಮಲಯಾಳದ ಗದ್ಯದಲ್ಲಿ, ಎಳೆ ಎಳೆಯಾಗಿ ಬಿಡಿಸಿ ಬರೆದ. ‘ಹೀಗೆ ಮಾಡು’ ಎನ್ನುವುದರ ಜೊತೆಗೆ ‘ಯಾಕೆಂದರೆ’ ಎನ್ನುವುದನ್ನೂ ನಾಡನುಡಿಯಲ್ಲೇ ಹೇಳಬಹುದೆಂದು ತೋರಿಸಿದ ಪುಸ್ತಕ ಅದು.

ಹೊಲದ ಚಿತ್ರ ಕಣ್ಣ ಮುಂದಿರುವಾಗಲೇ ಒಂದು ಚಿಕ್ಕ ಪ್ರಮೇಯವನ್ನು ನಾವೇ ಸಾಧಿಸೋಣ. ನಾಲ್ಕೂ ಬಾಹು ಸಮ ಇರುವ ಹೊಲಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಚೌಕ. ಮೇಲಿನ ಐದು ಅಳತೆಗಳು ಹಾಗೆ ಸೂಚಿಸುತ್ತವೆ ನಿಜ, ಆದರೆ ಐದು ಉದಾಹರಣೆಗಳ ಬೆಲೆ ಎಷ್ಟೆಂದು ಈಗಾಗಲೇ ಕಂಡಿದ್ದೇವೆ.

ದತ್ತ: ಅಬಕಡ ಎಂಬುದು ನಾಲ್ಕೂ ಬಾಹು ಸಮ ಇರುವ ವಜ್ರಾಕೃತಿ, ಅದು ಚೌಕವಲ್ಲ, ಅ ಎಂಬುದು ಅದರ ಚೂಪಾದ ಮೂಲೆ. ಸಾಧನೀಯ: ಅದರ ವಿಸ್ತೀರ್ಣ, ಅಷ್ಟೇ ಬಾಹುವಿನ ಚೌಕದ ವಿಸ್ತೀರ್ಣಕ್ಕಿಂತ ಕಡಿಮೆ. ರಚನೆ: ಡ ಮೂಲೆಯಿಂದ ಅಬ ಬಾಹುವಿಗೆ ಲಂಬ ಎಳೆಯಿರಿ; ಅದು ಮುಟ್ಟಿದ ಬಿಂದು ಮ. ಸಾಧನೆ: ಅಮಡ ತ್ರಿಭುಜದಲ್ಲಿ ಮ ಲಂಬಕೋನ, ಏಕೆಂದರೆ ಹಾಗೆಯೇ ರಚಿಸಿದ್ದೇವೆ. ಲಂಬಕೋನ ತ್ರಿಭುಜದಲ್ಲಿ ಲಂಬಕೋನದ ಎದುರಿನ ಬಾಹುವೇ ಎಲ್ಲಕ್ಕಿಂತ ದೊಡ್ಡದು, ಇದು ಮೊದಲೇ ಸಾಧಿಸಿಟ್ಟ ಪ್ರಮೇಯ. ಆದ್ದರಿಂದ ಡಮ ಎಂಬ ಎತ್ತರ, ಅಡ ಎಂಬ ಬಾಹುವಿಗಿಂತ ಚಿಕ್ಕದು. ವಜ್ರಾಕೃತಿಯು ಸಮಾಂತರ ಚತುರ್ಭುಜವೂ ಹೌದು. ಅದರ ವಿಸ್ತೀರ್ಣ ಪಾದವನ್ನು ಎತ್ತರದಿಂದ ಗುಣಿಸಿದಷ್ಟು, ಇದೂ ಹಿಂದಿನ ಪ್ರಮೇಯ. ಪಾದ ಒಂದು ಬಾಹುವಿನಷ್ಟು, ಎತ್ತರ ಬಾಹುವಿಗಿಂತ ಕಡಿಮೆ. ಹಾಗಾಗಿ ಗುಣಲಬ್ಧ ಬಾಹುವಿನ ವರ್ಗಕ್ಕಿಂತ ಕಡಿಮೆ. ಚೌಕದ ವಿಸ್ತೀರ್ಣವಾದರೋ ಬಾಹುವಿನ ವರ್ಗವೇ. ಇದೇ ಸಾಧನೀಯ.

ಎಳೆದದ್ದು ಒಂದೇ ಗೆರೆ. 65 ಅಡಿಯ ಹೊಲ, 650 ಅಡಿಯದು, ಇನ್ನೂ ಯಾರೂ ಅಳೆಯದ ಹೊಲ, ಎಲ್ಲಕ್ಕೂ ಒಮ್ಮೆಲೇ ಮಾತು ಮುಗಿಯಿತು. ಮುಗಿಯದ ಸಾಲನ್ನು ಗೆಲ್ಲುವ ಉಪಾಯ ಇದೇ: ಒಂದೊಂದು ಹೊಲದ ಅಳತೆಯನ್ನು ಹಿಡಿಯದೆ, ಎಲ್ಲ ಹೊಲಗಳಿಗೂ ಸಮಾನವಾದ ಕಾರಣವನ್ನು ಹಿಡಿಯುವುದು.

ಭೂಮಾಪಕರ ಕೆಲಸದಲ್ಲೂ ಇಂಥದೇ ಪ್ರಮೇಯವೊಂದು ಮೌನವಾಗಿ ದುಡಿಯುತ್ತದೆ. ಹಳೆಯ ಮುಂಬಯಿ ಇಲಾಖೆಯ ಈ ತಾಲೂಕುಗಳಲ್ಲಿ 33 ಅಡಿಯ, ಹದಿನಾರು ಆಣೆಯ ಸರಪಳಿ ಹಿಡಿದು ಮೋಜಣಿ ನಡೆಯುತ್ತಿತ್ತು. 33 ಅಡಿ ಚೌಕವೇ ಗುಂಟೆ, 40 ಗುಂಟೆ ಒಂದು ಎಕರೆ. ಮೋಜಣಿದಾರರು ಬರೀ ಬದು ಅಳೆದು ಬಿಡುತ್ತಿರಲಿಲ್ಲ. ಹೊಲದ ನಡುವೆ ಒಂದು ಗೆರೆ ಹಿಡಿದು, ಅದರಿಂದ ಮೂಲೆಗಳಿಗೆ ಲಂಬ ತೆಗೆದು, ಹೊಲವನ್ನು ತ್ರಿಭುಜ ಮತ್ತು ಪಟ್ಟಿಗಳಾಗಿ ಒಡೆದು ಬರೆದಿಡುತ್ತಿದ್ದರು. ಭಾಸ್ಕರ ಕೇಳಿದ್ದ ಕರ್ಣ ಮತ್ತು ಲಂಬ ಇವೇ. ತ್ರಿಭುಜವೇ ಯಾಕೆ? ಮೂರು ಬಾಹುಗಳು ಗೊತ್ತಾದರೆ ತ್ರಿಭುಜ ಅಲ್ಲಾಡುವುದಿಲ್ಲ. ಆ ಅಳತೆಗೆ ಒಂದೇ ಆಕಾರ, ಒಂದೇ ವಿಸ್ತೀರ್ಣ. ಮಕ್ಕಳು ‘ಬಾ.ಬಾ.ಬಾ.’ ಎಂದು ಬರೆಯುವ ಸರ್ವಸಮತೆಯ ಪ್ರಮೇಯ ಹೇಳುವುದು ಇದನ್ನೇ.

ಪ್ರಮೇಯಗಳ ಸುತ್ತ ಒಂದು ಕುಟುಂಬವೂ ಇದೆ. ದೊಡ್ಡ ಪ್ರಮೇಯ ಸಾಧಿಸಲು ಮೊದಲು ಸಾಧಿಸಿಟ್ಟುಕೊಳ್ಳುವ ಚಿಕ್ಕದು ಅನುಪ್ರಮೇಯ. ದೊಡ್ಡದು ಸಿದ್ಧವಾದ ಮೇಲೆ ಹೆಚ್ಚು ಶ್ರಮವಿಲ್ಲದೆ ಉದುರುವುದು ಉಪಪ್ರಮೇಯ. ಷರತ್ತು ಮತ್ತು ಫಲವನ್ನು ಅದಲುಬದಲು ಮಾಡಿದರೆ ಬರುವುದು ವಿಲೋಮ, ಎಚ್ಚರವಿರಬೇಕಾದದ್ದು ಇಲ್ಲಿ. ಘಟ್ಟದಲ್ಲಿ ಭಾರಿ ಮಳೆಯಾದರೆ ಗೋಕಾಕದ ಜಲಪಾತ ತುಂಬಿ ಧುಮುಕುತ್ತದೆ ಎಂಬುದನ್ನು ಒಪ್ಪೋಣ. ಜಲಪಾತ ತುಂಬಿ ಧುಮುಕುತ್ತಿದೆ, ಆದ್ದರಿಂದ ಘಟ್ಟದಲ್ಲಿ ಈಗ ಮಳೆಯಾಗಿದೆ ಎನ್ನುವಂತಿಲ್ಲ; ಮೇಲೆ ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನಿಂದ ನೀರು ಬಿಟ್ಟಿರಬಹುದು. ಒಂದು ಪ್ರಮೇಯ ನಿಜವಾದರೆ ಅದರ ವಿಲೋಮವೂ ನಿಜ ಎಂಬ ಖಾತರಿ ಇಲ್ಲ. ಪೈಥಾಗೊರಸನ ಪ್ರಮೇಯದ ವಿಲೋಮ ನಿಜ. ಆದರೂ ಯೂಕ್ಲಿಡ್ ಅದನ್ನು ಪುಕ್ಕಟೆ ತೆಗೆದುಕೊಳ್ಳದೆ, ತನ್ನ ರೇಖಾಗಣಿತ ಗ್ರಂಥದ ಮೊದಲ ಪುಸ್ತಕದಲ್ಲಿ ಪ್ರಮೇಯವನ್ನು 47ನೆಯದಾಗಿಯೂ ವಿಲೋಮವನ್ನು 48ನೆಯದಾಗಿಯೂ ಬೇರೆ ಬೇರೆ ಸಾಧಿಸಿದ.

ಒಂದು ಪ್ರಮೇಯ ಹಿಂದಿನದರ ಮೇಲೆ, ಅದು ಅದರ ಹಿಂದಿನದರ ಮೇಲೆ ನಿಂತಿದ್ದರೆ, ಕಟ್ಟಕಡೆಗೆ ನೆಲ ಯಾವುದು? ಕ್ರಿಸ್ತಪೂರ್ವ 300ರ ಸುಮಾರಿಗೆ ಯೂಕ್ಲಿಡ್ ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟ. ಕೆಲವು ಮಾತುಗಳನ್ನು ಸಾಧಿಸದೆಯೇ ಒಪ್ಪಿಕೊಳ್ಳಬೇಕು: ಸ್ವಯಂಸಿದ್ಧಗಳು, ಐದು ಆಧಾರ ಪ್ರತಿಜ್ಞೆಗಳು. ಐದನೆಯದು ಸಮಾಂತರ ರೇಖೆಗಳಿಗೆ ಸಂಬಂಧಿಸಿದ್ದು, ಮಿಕ್ಕ ನಾಲ್ಕರಷ್ಟು ಸರಳವಲ್ಲ. ಅದನ್ನು ಉಳಿದ ನಾಲ್ಕರಿಂದ ಸಾಧಿಸಿ ಪ್ರಮೇಯವಾಗಿಸಲು ಎರಡು ಸಾವಿರ ವರ್ಷ ಹೆಣಗಿದರು. 1829ರಲ್ಲಿ ಲೊಬಚೆವ್‌ಸ್ಕಿ, 1832ರಲ್ಲಿ ಬೊಯಾಯ್ ಅದನ್ನು ಕೈಬಿಟ್ಟು ಬೇರೊಂದು ರೇಖಾಗಣಿತವನ್ನೇ ಕಟ್ಟಿ ಪ್ರಕಟಿಸಿದರು. ಅಲ್ಲಿ ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ. ಗೋಲದ ಮೇಲೆ ಎಳೆದ ತ್ರಿಭುಜದಲ್ಲಿ ಹೆಚ್ಚು. ಭಾರತವನ್ನು ತ್ರಿಕೋನಗಳ ಜಾಲದಿಂದ ಅಳೆದ 19ನೆಯ ಶತಮಾನದ ಮಹಾ ಮೋಜಣಿಯವರು ಆ ಹೆಚ್ಚಳವನ್ನು ಲೆಕ್ಕದಲ್ಲಿ ಹಿಡಿಯಬೇಕಾಗಿತ್ತು. ಹಾಗೆಂದು 180 ಡಿಗ್ರಿಯ ಪ್ರಮೇಯ ಸುಳ್ಳಾಯಿತೇ? ಇಲ್ಲ. ಐದೂ ಪ್ರತಿಜ್ಞೆಗಳನ್ನು ಒಪ್ಪಿದರೆ ಮೊತ್ತ 180 ಎಂಬುದು ಅಂದೂ ನಿಜ, ಇಂದೂ ನಿಜ. ಬಯಲಾದದ್ದು ಇಷ್ಟೇ: ಎಲ್ಲರೂ ಲೋಕಸತ್ಯವೆಂದು ತಿಳಿದಿದ್ದ ಐದನೆಯ ಪ್ರತಿಜ್ಞೆಯೂ ಒಂದು ಷರತ್ತು.

ಇಲ್ಲಿಂದ ತರ್ಕಶಾಸ್ತ್ರಜ್ಞರು ಇನ್ನೊಂದು ಹೆಜ್ಜೆ ಮುಂದಿಟ್ಟರು. 1899ರಲ್ಲಿ ಹಿಲ್ಬರ್ಟ್ ರೇಖಾಗಣಿತವನ್ನು ಹೊಸದಾಗಿ ಕಟ್ಟಿದಾಗ, ಬಿಂದು, ರೇಖೆ ಎಂದರೆ ಏನೆಂದು ಹೇಳುವ ಗೋಜಿಗೇ ಹೋಗಲಿಲ್ಲ; ಅವು ಯಾವ ನಿಯಮಗಳಿಗೆ ಒಳಪಟ್ಟಿವೆ ಎಂದಷ್ಟೇ ಹೇಳಿದ. ಅರ್ಥವನ್ನು ಬದಿಗಿಟ್ಟು ಬರೀ ಚಿಹ್ನೆಗಳ ನಿಯಮದಿಂದ ಪ್ರಮೇಯ ಎಂದರೇನೆಂದು ಹೇಳಬಹುದೇ? ಹೇಳಬಹುದು. ಪುಟ್ಟ ವ್ಯವಸ್ಥೆಯೊಂದನ್ನು ನಾವೇ ಮಾಡಿ ನೋಡೋಣ. ಗೋಕಾಕದ ಮೊದಲಕ್ಷರ ಗ, ಹುಕ್ಕೇರಿಯದು ಹ. ಎರಡೇ ಅಕ್ಷರ ಸಾಕು. ಸ್ವಯಂಸಿದ್ಧ ಒಂದೇ: ‘ಗಹ’. ನಿಯಮ ಎರಡು. ಒಂದನೆಯದು, ಕೈಯಲ್ಲಿರುವ ಪ್ರಮೇಯದ ಎಡಕ್ಕೆ ಗ, ಬಲಕ್ಕೆ ಹ ಸೇರಿಸಬಹುದು. ಎರಡನೆಯದು, ಎರಡು ಪ್ರಮೇಯಗಳನ್ನು ಒಂದರ ಪಕ್ಕ ಒಂದು ಬರೆಯಬಹುದು. ಸ್ವಯಂಸಿದ್ಧದಿಂದ ಹೊರಟು ಈ ನಿಯಮಗಳಿಂದ ಬಂದದ್ದೆಲ್ಲ ಪ್ರಮೇಯ, ಬರಲಾಗದ್ದು ಅಲ್ಲ. ಮೊದಲ ನಿಯಮದಿಂದ ‘ಗಗಹಹ’ ಬಂತು. ಎರಡನೆಯದರಿಂದ ‘ಗಹಗಹ’ ಬಂತು. ನಗು ಬಂದರೂ ಅದು ಅಧಿಕೃತ ಪ್ರಮೇಯ.

‘ಹಗ’ ಪ್ರಮೇಯವೇ? ಎಷ್ಟು ಹೊತ್ತು ಪ್ರಯತ್ನಿಸಿದರೂ ಬಾರದು. ಬಾರದು ಎನ್ನುವುದಕ್ಕೂ ಸಾಧನೆ ಇದೆ. ಸ್ವಯಂಸಿದ್ಧ ಗ ಅಕ್ಷರದಿಂದ ಸುರುವಾಗುತ್ತದೆ. ಮೊದಲ ನಿಯಮ ಗ ಅನ್ನೇ ಮುಂಚೂಣಿಯಲ್ಲಿ ಇಡುತ್ತದೆ. ಎರಡನೆಯದು ಎಡಗಡೆಯ ಪ್ರಮೇಯದ ಮೊದಲಕ್ಷರವನ್ನು ಉಳಿಸಿಕೊಳ್ಳುತ್ತದೆ. ಆದ್ದರಿಂದ ಪ್ರತಿ ಪ್ರಮೇಯವೂ ಗ ಅಕ್ಷರದಿಂದಲೇ ಸುರುವಾಗಬೇಕು. ‘ಹಗ’ಕ್ಕೆ ಬಾಗಿಲು ಮುಚ್ಚಿತು. ಈಗ ನಾವು ಸಾಧಿಸಿದ್ದು ವ್ಯವಸ್ಥೆಯ ಒಳಗಿನ ಪ್ರಮೇಯವಲ್ಲ, ವ್ಯವಸ್ಥೆಯ ಬಗ್ಗೆ ಹೊರಗೆ ನಿಂತು ಹೇಳಿದ ಪ್ರಮೇಯ. ತರ್ಕಶಾಸ್ತ್ರ ಈ ಎರಡು ನೆಲೆಗಳನ್ನು ಎಂದಿಗೂ ಬೆರೆಸುವುದಿಲ್ಲ.

ಅರ್ಥ ಈಗ ಬರಲಿ. ಗ ಎಂದರೆ ತೆರೆಯುವ ಆವರಣ, ಹ ಎಂದರೆ ಮುಚ್ಚುವ ಆವರಣ ಎಂದುಕೊಳ್ಳಿ. ಆಗ ಪ್ರಮೇಯಗಳೆಲ್ಲ ಸರಿಯಾಗಿ ಜೋಡಿಯಾದ ಆವರಣಗಳು: ಎರಡೂ ಅಕ್ಷರಗಳ ಎಣಿಕೆ ಒಂದೇ ಇರುತ್ತದೆ, ಎಡದಿಂದ ಓದುವಾಗ ಎಲ್ಲಿಯೂ ಹ ಸಂಖ್ಯೆ ಗ ಸಂಖ್ಯೆಯನ್ನು ಮೀರುವುದಿಲ್ಲ. ತಪ್ಪು ಜೋಡಣೆ ಒಂದೂ ಪ್ರಮೇಯವಾಗಿ ನುಸುಳದು. ತಿರುಗಿ ಕೇಳಿದರೆ, ಸರಿಯಾದ ಜೋಡಣೆಗಳೆಲ್ಲ ಪ್ರಮೇಯಗಳಾಗಿ ಸಿಗುತ್ತವೆಯೇ? ಸಿಗುತ್ತವೆ. ಎಡದಿಂದ ಓದುತ್ತ ಎರಡು ಅಕ್ಷರಗಳ ಸಂಖ್ಯೆ ಮೊದಲ ಸಲ ಸಮವಾಗುವ ಜಾಗ ಹುಡುಕಿ. ಅದು ನಡುವೆ ಇದ್ದರೆ ಅಲ್ಲಿ ಕಡಿದು ಎರಡು ತುಂಡು ಮಾಡಿ, ಎರಡನೆಯ ನಿಯಮ ಅವನ್ನು ಬೆಸೆಯುತ್ತದೆ. ಕೊನೆಯಲ್ಲೇ ಇದ್ದರೆ ಹೊರಗಿನ ಗ ಮತ್ತು ಹ ತೆಗೆಯಿರಿ, ಒಂದನೆಯ ನಿಯಮ ಅವನ್ನು ಮರಳಿ ಕೊಡುತ್ತದೆ. ಚಿಕ್ಕದಾಗುತ್ತ ಹೋಗಿ ಕಡೆಗೆ ‘ಗಹ’ವೇ ಉಳಿಯುತ್ತದೆ. ಈ ಪುಟ್ಟ ಲೋಕದಲ್ಲಿ ನಿಜವಾದದ್ದಕ್ಕೂ ಸಾಧಿಸಬಲ್ಲದ್ದಕ್ಕೂ ಅಂತರವಿಲ್ಲ.

ಎಲ್ಲ ಕಡೆ ಹೀಗೇ ಇರಬೇಕೆಂದು ಆಸೆ ಪಡುವುದು ಸಹಜ. 1930ರಲ್ಲಿ ಕುರ್ಟ್ ಗೊಡೆಲ್ ಪ್ರಕಟಿಸಿದ ಫಲಿತಾಂಶ ಆ ಆಸೆಯನ್ನು ಒಂದು ಕಡೆ ಈಡೇರಿಸಿತು: ‘ಎಲ್ಲ’, ‘ಕೆಲವು’, ‘ಇದ್ದರೆ’, ‘ಇಲ್ಲ’ ಎಂಬವುಗಳ ಶುದ್ಧ ತರ್ಕದಲ್ಲಿ, ಯಾವ ಅರ್ಥ ಕೊಟ್ಟರೂ ನಿಜವಾಗಿ ನಿಲ್ಲುವ ಪ್ರತಿ ಮಾತೂ ಪ್ರಮೇಯ. 1931ರಲ್ಲಿ ಅದೇ ಗೊಡೆಲ್ ಇನ್ನೊಂದು ಕಡೆ ಆಸೆಯನ್ನು ಮುರಿದ. ಕೂಡುವುದು, ಗುಣಿಸುವುದು ಇರುವಷ್ಟು ಅಂಕಗಣಿತವನ್ನು ಹಿಡಿಸಿಕೊಳ್ಳುವ, ತನ್ನೊಳಗೆ ವಿರೋಧವಿಲ್ಲದ, ನಿಯಮಗಳನ್ನು ಯಾಂತ್ರಿಕವಾಗಿ ತಾಳೆ ನೋಡಬಹುದಾದ ಯಾವ ವ್ಯವಸ್ಥೆಯನ್ನು ತೆಗೆದುಕೊಂಡರೂ, ಅದು ಸಾಧಿಸಲೂ ಆಗದ, ಅಲ್ಲಗಳೆಯಲೂ ಆಗದ ಮಾತುಗಳು ಅದರಲ್ಲಿ ಇದ್ದೇ ಇರುತ್ತವೆ. ಸಂಖ್ಯೆಗಳ ಲೋಕದಲ್ಲಿ ನಿಜವಾಗಿದ್ದೂ ಆ ವ್ಯವಸ್ಥೆಯ ಪ್ರಮೇಯವಾಗದ ಮಾತುಗಳಿವೆ. ಇದನ್ನು ಗಣಿತದ ಸೋಲೆಂದು ಅಳುವವರುಂಟು. ಆದರೆ ಗೊಡೆಲ್ ಹೇಳಿದ್ದೂ ಒಂದು ಪ್ರಮೇಯವೇ. ಅದರಲ್ಲಿ ಎಷ್ಟು ‘ಇರುವ’, ‘ಇಲ್ಲದ’ ಷರತ್ತುಗಳಿವೆ ನೋಡಿ. ಅವುಗಳಲ್ಲಿ ಒಂದನ್ನು ಮರೆತು ‘ಯಾವುದನ್ನೂ ಸಾಧಿಸಲಾಗದು’ ಎಂದು ಹೇಳಿಕೊಂಡು ತಿರುಗುವವರು, ಕರ್ಣ ಕೇಳದೆ ಹೊಲ ಅಳೆದವರ ಸಾಲಿಗೇ ಸೇರುತ್ತಾರೆ.

ವಿಜ್ಞಾನದ ಸಿದ್ಧಾಂತಗಳು ಹೊಸ ಪುರಾವೆ ಬಂದಂತೆ ತಿದ್ದಿಕೊಳ್ಳುತ್ತವೆ; ಹಾಗೆ ತಿದ್ದಿಕೊಳ್ಳುವುದೇ ಅವುಗಳ ಆರೋಗ್ಯ. ಪ್ರಮೇಯ ಹಳತಾಗುವುದಿಲ್ಲ, ಏಕೆಂದರೆ ಹೊಲ ಚೌಕವಾಗಿದೆ ಎಂದು ಅದು ಎಂದೂ ಹೇಳುವುದಿಲ್ಲ. ಚೌಕವೋ ಅಲ್ಲವೋ ಎಂದು ನೋಡುವ ಹೊಣೆ ಸರಪಳಿ ಹಿಡಿದವರದು. ಚೌಕವಾಗಿದ್ದರೆ ಮುಂದೇನು ಎಂಬುದಷ್ಟೇ ಪ್ರಮೇಯದ ಹೊಣೆ. ತನಗೆ ಸಲ್ಲದ್ದನ್ನು ಮೈಮೇಲೆ ಎಳೆದುಕೊಳ್ಳದಿರುವುದರಿಂದಲೇ ಅದಕ್ಕೆ ಆ ಆಯುಷ್ಯ.

ಈ ಕಸುಬಿಗೆ ಇನ್ನೊಂದು ಗುಣವಿದೆ. ಜಲಪಾತದ ಎತ್ತರ ಎಷ್ಟೆಂದು ಅಳೆದವರನ್ನು ನಂಬಬೇಕು, ಶಾಸನದ ಕಾಲ ಯಾವುದೆಂದು ಓದಬಲ್ಲವರನ್ನು ನಂಬಬೇಕು. ಪ್ರಮೇಯದ ವಿಷಯದಲ್ಲಿ ಯಾರನ್ನೂ ನಂಬಬೇಕಾಗಿಲ್ಲ. ಮೂಡಲಗಿಯ ಹತ್ತನೆಯ ತರಗತಿಯ ಹುಡುಗ ಯೂಕ್ಲಿಡನ ಸಾಧನೆಯ ಪ್ರತಿ ಸಾಲಿಗೂ ‘ಯಾಕೆ?’ ಎಂದು ಕೇಳಬಹುದು. ಉತ್ತರ ಪುಟದಲ್ಲೇ ಇರಬೇಕು. ಇಲ್ಲದಿದ್ದರೆ ತಪ್ಪು ಯೂಕ್ಲಿಡನದು, ಹುಡುಗನದಲ್ಲ.